ಫಿಲಿಪ್ಪೀನದ ಚಿತ್ರಕಾರ ಹುವಾನ್ ಲೂನಾ

ಫಿಲಿಪ್ಪೀನ ದ್ವೀಪಗಳ ರಾಜಧಾನಿಯಾದ ಮನಿಲಾ ನಗರದಲ್ಲಿ ಲಲಿತಕಲೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯವೊಂದಿರುವುದು. ಅಲ್ಲಿ ಒಂದು ಗೋಡೆಯನ್ನೆಲ್ಲ ವ್ಯಾಪಿಸಿಕೊಂಡು ತೈಲವರ್ಣದ ಒಂದು ಮಹಾಚಿತ್ರವು ನಿಂತಿದೆ. ಅದರ ಅಗಲವು 7 ಮೀಟರುಗಳಿಗೂ ಎತ್ತರವು 4 ಮೀಟರುಗಳಿಗೂ ಮಿಗಿಲಾದುದು. ಆ ಚಿತ್ರದಲ್ಲಿ ಫಿಲಿಪ್ಪೀನದ ಒಂದು ಮರವಿಲ್ಲ, ಒಂದು ಮನೆಯಿಲ್ಲ, ಆ ನಾಡಿನ ಉಡಿಗೆಯನ್ನುಟ್ಟ ಒಬ್ಬ ಮನುಷ್ಯನೂ ಇಲ್ಲ. ಇರುವುದೆಲ್ಲ ಪ್ರಾಚೀನ ರೋಮದ ಒಂದು ಕತ್ತಲೆಯ ನೆಲಮಾಳಿಗೆ ಮತ್ತು ಅದರಲ್ಲಿ ಬಿದ್ದಿರುವ ಹೆಣಗಳು. ಹೀಗಿದ್ದರೂ ಫಿಲಿಪ್ಪೀನದ ಜನರು ಅದನ್ನು ತಮ್ಮ ರಾಷ್ಟ್ರದ ನಿಧಿಯೆಂದು ಸಾರಿ ಕಾಪಾಡಿಕೊಂಡಿದ್ದಾರೆ. ಈ ಚಿತ್ರವನ್ನು ಬರೆದವನು ಹುವಾನ್ ಲೂನಾ ಎಂಬವನು. ಅವನು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಅವನ ಚರಿತ್ರೆಯಲ್ಲಿ ಒಂದು ಪರಾಧೀನ ಜನಾಂಗವು ತಲೆಯೆತ್ತಿ ನಿಲ್ಲುವಂತೆ ಮಾಡಿದ ಸಂಗತಿಗಳಿವೆ. ಅಂತೆಯೇ ಯಾವ ಅಭಿಮಾನಿಯೂ ತಲೆತಗ್ಗಿಸಬೇಕಾದ ಸಂಗತಿಯೂ ಇದೆ. ಇವೆರಡರಲ್ಲಿ ಒಂದನ್ನೂ ಮರೆಮಾಚದೆ ವಾಚಕರ ಮುಂದಿಡಬೇಕೆಂಬುದೇ ನಮ್ಮ ಇಂದಿನ ಉದ್ದೇಶ.

ಲೂನನು 1857ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಲುಸೋನ್ ದ್ವೀಪದ ಉತ್ತರ ಭಾಗದಲ್ಲಿರುವ ಇಲೋಕೋಸ್ ಪ್ರಾಂತದ ಬಾದೊಕ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಹೊಆಕೀನ್ ಲೂನಾ, ತಾಯಿ ಲೌರೆಯಾನಾ ನೊವೀಸಿಯೊ. ದಂಪತಿಗಳಿಗೆ ಏಳು ಮಂದಿ ಮಕ್ಕಳು. 1861ರಲ್ಲಿ ಈ ಕುಟುಂಬವು ಊರನ್ನು ಬಿಟ್ಟು ಮನಿಲಾ ಪಟ್ಟಣಕ್ಕೆ ಬಂದು ನೆಲಸಿತು. ಮಕ್ಕಳಿಗೆ ಒಳ್ಳೆಯ ವಿದ್ಯೆ ದೊರೆಯಲೆಂಬುದೇ ತಾಯಿತಂದೆಗಳ ದೊಡ್ಡ ಹಂಬಲವಾಗಿತ್ತು. ಆ ಹಂಬಲವು ಬರಿದಾಗಲಿಲ್ಲ. ಅಣ್ಣ ಮಾನ್ಯುಯೆಲನು ಪಿಟೀಲು ವಾದನದಲ್ಲಿ ಹೆಸರು ಗಳಿಸಿದನು. ಹೊಸೆ ಎಂಬವನು ವೈದ್ಯನಾದನು. ಕಿರಿಯ ತಮ್ಮನಾದ ಆಂತೋನಿಯೊ ಔಷಧಶಾಸ್ತ್ರವನ್ನು ಕಲಿತು ಮುಂದೆ ದೇಶದ ಸೈನ್ಯಕ್ಕೆ ಸೇನಾಪತಿಯಾದನು. ಹುವಾನನು ಜೆಸ್ವಿಟ್ ಪಾದ್ರಿಗಳ ಆತೆನೆಯೊ ವಿದ್ಯಾಶಾಲೆಯಲ್ಲಿ ಓದಿ, ತರುವಾಯ ನಾವಿಕ ಶಾಲೆಯನ್ನು ಸೇರಿದನು. ಹದಿನೇಳನೆಯ ವಯಸ್ಸಿಗೆ ಹಡಗು ನಡೆಸುವ ಅರ್ಹತಾಪತ್ರವನ್ನು ಪಡೆದು, ಹಾಂಗ್‌ಕಾಂಗ್, ಸಿಂಗಾಪುರ, ಬಟೇವಿಯಾ, ಕೊಲಂಬೊ ಮೊದಲಾದ ರೇವುಗಳನ್ನು ಕಂಡುಬಂದನು. ಹಡಗು ಮನಿಲಾ ಬಂದರದಲ್ಲಿ ನಿಂತಾಗಲೆಲ್ಲ ಅವನು ಓಡಿಹೋಗುತ್ತಿದ್ದುದು ಲೊರೆನ್ಸೊ ಗೆರೇರೊ ಎಂಬ ಚಿತ್ರಕಾರನ ಮನೆಗೆ.

ಆ ಕಾಲದ ಮನಿಲಾದ ಸ್ಥಿತಿಯನ್ನು ಇಲ್ಲಿ ಎರಡು ಮಾತುಗಳಲ್ಲಿ ಹೇಳುವುದು ಅವಶ್ಯ. ಸ್ಪೇನ ದೇಶದವರು 1565ರಿಂದ ಈ ದ್ವೀಪಗಳಲ್ಲಿ ಬೇರೂರಿದ್ದರು. ರಾಜ್ಯಾಧಿಕಾರಕ್ಕೆ ಜತೆಯಾಗಿ ಮಠದ ಅಧಿಕಾರವೂ ಸೇರಿದ್ದುದರಿಂದ ಊರೂರಿನಲ್ಲಿಯೂ ಸನ್ಯಾಸಿ ಪಾದ್ರಿಯ ಮಾತೇ ಕಾನೂನಾಗಿತ್ತು. ನೆಲದವರಿಗೆ ಅವರು ಇಟ್ಟ ಹೆಸರು ಇಂಡಿಯೋ ಎಂಬುದು. ಆ ಹೆಸರಿನೊಳಗೇ ತಿರಸ್ಕಾರವಿತ್ತು. ಇಂಡಿಯೋ ಎಂದರೆ ಸೋಮಾರಿ, ಬುದ್ಧಿಹೀನ, ಅನುಕರಣೆಯ ಹೊರತು ಸ್ವಂತ ಶಕ್ತಿಯಿಲ್ಲದವನು ಎಂಬ ನಂಬಿಕೆ ಆಳುವವರಲ್ಲಿ ಬೇರುಬಿಟ್ಟಿತ್ತು. 1872ರ ಫೆಬ್ರುವರಿಯಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ದೇಶೀಯ ಪಾದ್ರಿಗಳನ್ನು ರಾಜದ್ರೋಹದ ಆರೋಪದ ಮೇಲೆ ಬಹಿರಂಗವಾಗಿ ಕತ್ತು ಹಿಸುಕಿ ಕೊಂದರು. ಆಗ ಲೂನನು ಹದಿನಾಲ್ಕು ವರ್ಷದ ಹುಡುಗನಾಗಿ ಅದೇ ಪಟ್ಟಣದಲ್ಲಿದ್ದನು. ಅವನ ಪೀಳಿಗೆಯವರೆಲ್ಲರ ಮನಸ್ಸಿನ ಮೇಲೆ ಆ ದಿನದ ನೆರಳು ಬಿದ್ದಿತ್ತು.

ಮನಿಲಾದ ಚಿತ್ರಶಾಲೆಯಲ್ಲಿ ಆಗಸ್ತೀನ್ ಸಾಯೆಸ್ ಎಂಬ ಸ್ಪೇನದ ಉಪಾಧ್ಯಾಯನಿದ್ದನು. ಲೂನನು ಅಲ್ಲಿ ಸೇರಿದನಾದರೂ ಗುರುಶಿಷ್ಯರಿಗೆ ಒಗ್ಗಲಿಲ್ಲ. ಶಿಷ್ಯನ ಕುಂಚದ ಬೀಸು ಗುರುವಿನ ಕಣ್ಣಿಗೆ ಒರಟಾಗಿ ಕಂಡಿತು. ಕಡೆಗೆ ಶಾಲೆಯನ್ನು ಬಿಡಬೇಕಾಯಿತು. ಯಾವ ಬೀಸನ್ನು ದೋಷವೆಂದು ಮನಿಲಾದಲ್ಲಿ ತಿರಸ್ಕರಿಸಿದರೋ ಅದನ್ನೇ ಮುಂದೆ ಮ್ಯಾಡ್ರಿಡ್ಡಿನ ಪಂಡಿತರು ಮೆಚ್ಚಿ ತಲೆದೂಗಿದರೆಂಬುದನ್ನು ನೆನೆದರೆ, ಸಣ್ಣ ಊರಿನ ದೊಡ್ಡ ಗುರುಗಳ ತೀರ್ಪಿಗೆ ಎಷ್ಟು ಬೆಲೆಯೆಂಬುದು ತಿಳಿಯುತ್ತದೆ. ಗೆರೇರೊ ಮಾತ್ರ ಹುಡುಗನ ಶಕ್ತಿಯನ್ನು ಗುರುತಿಸಿದ್ದನು. ಅವನೇ ಲೂನನ ತಾಯಿತಂದೆಗಳನ್ನು ಒಪ್ಪಿಸಿ, ಮಗನನ್ನು ಸ್ಪೇನಕ್ಕೆ ಕಳುಹಿಸುವಂತೆ ಮಾಡಿದನು. 1877ರಲ್ಲಿ ಅಣ್ಣ ಮಾನ್ಯುಯೆಲನೂ ಹುವಾನನೂ ಕೂಡಿ ಯುರೋಪಕ್ಕೆ ಹೊರಟರು. ಒಬ್ಬನು ಸಂಗೀತಕ್ಕಾಗಿ, ಮತ್ತೊಬ್ಬನು ಚಿತ್ರಕಲೆಗಾಗಿ.

ಮ್ಯಾಡ್ರಿಡ್ಡಿನಲ್ಲಿ ಸಾನ್ ಫೆರ್ನಾಂದೊ ಕಲಾಶಾಲೆಯನ್ನು ಸೇರಿದ ಲೂನನಿಗೆ ಅಲ್ಲಿಯ ಪಾಠಕ್ರಮವೂ ಬಹುಕಾಲ ರುಚಿಸಲಿಲ್ಲ. ಅಲೆಹೊ ವೇರಾ ಎಂಬ ಪ್ರಸಿದ್ಧ ಚಿತ್ರಕಾರನು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ತಾನು ರೋಮಿಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋದನು. ರೋಮ ನಗರದ ಹಾಳು ಮಂಟಪಗಳೂ ಪ್ರಾಚೀನ ಗುರುಗಳ ಚಿತ್ರಗಳೂ ಅವನಿಗೆ ನಿಜವಾದ ಪಾಠಶಾಲೆಯಾದುವು. 1881ರಲ್ಲಿ ಮ್ಯಾಡ್ರಿಡ್ಡಿನ ರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅವನ ‘ಕ್ಲಿಯೋಪಾತ್ರಳ ಮರಣ’ ಎಂಬ ಚಿತ್ರಕ್ಕೆ ಎರಡನೆಯ ದರ್ಜೆಯ ಪದಕವು ದೊರೆಯಿತು. ಆ ಚಿತ್ರವು ಇಂದಿಗೂ ಮ್ಯಾಡ್ರಿಡ್ಡಿನ ಪ್ರಾದೊ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಮನಿಲಾ ನಗರಸಭೆಯು ಈ ಗೆಲುವನ್ನು ಕೇಳಿ ಅವನಿಗೆ ವರ್ಷಕ್ಕೆ 600 ಪೆಸೊಗಳಂತೆ ನಾಲ್ಕು ವರ್ಷಗಳ ವೇತನವನ್ನು ಗೊತ್ತುಮಾಡಿತು. ಅದಕ್ಕೆ ಪ್ರತಿಯಾಗಿ ಫಿಲಿಪ್ಪೀನದ ಚರಿತ್ರೆಯನ್ನು ಕುರಿತ ಒಂದು ಚಿತ್ರವನ್ನು ಬರೆದು ಸಭೆಗೆ ಒಪ್ಪಿಸಬೇಕೆಂಬುದು ಕರಾರು. ಲೂನನು ಈ ಋಣವನ್ನು ‘ರಕ್ತದ ಒಪ್ಪಂದ’ ಎಂಬ ಚಿತ್ರದಿಂದ ತೀರಿಸಿದನು. 1565ರಲ್ಲಿ ಬೊಹೋಲ್ ದ್ವೀಪದ ನಾಯಕ ಸಿಕತೂನನೂ ಸ್ಪೇನದ ಲೆಗಾಸ್ಪಿಯೂ ಪರಸ್ಪರ ರಕ್ತವನ್ನು ಬೆರಸಿ ಕುಡಿದು ಸ್ನೇಹದ ಆಣೆಯಿಟ್ಟ ಪ್ರಸಂಗವೇ ಅದರ ವಸ್ತು. ಅದು ಈಗ ಮನಿಲಾದಲ್ಲಿ ರಾಷ್ಟ್ರಾಧ್ಯಕ್ಷರ ಮಲಕನ್ಯಾಂಗ್ ಅರಮನೆಯಲ್ಲಿದೆ.

ಇನ್ನು ಅವನ ಕೀರ್ತಿಯ ಮೂಲವಾದ ‘ಸ್ಪೋಲಿಯಾರಿಯಂ’ ಚಿತ್ರಕ್ಕೆ ಬರುವೆವು. ರೋಮಿನ ಕ್ರೀಡಾರಂಗಗಳಲ್ಲಿ ದಾಸರಾದ ಮಲ್ಲರನ್ನು ಪ್ರಜೆಗಳ ವಿನೋದಕ್ಕಾಗಿ ಸಾಯುವವರೆಗೆ ಹೋರಾಡಿಸುತ್ತಿದ್ದರೆಂಬುದು ಎಲ್ಲರೂ ಬಲ್ಲ ವಿಷಯ. ಸತ್ತವರನ್ನೂ ಸಾಯುತ್ತಿದ್ದವರನ್ನೂ ಎಳೆದೊಯ್ದು, ಅವರ ಮೈಮೇಲಿನ ಆಯುಧ ಕವಚಗಳನ್ನು ಬಿಚ್ಚಿಕೊಳ್ಳುತ್ತಿದ್ದ ಕೋಣೆಗೆ ಸ್ಪೋಲಿಯಾರಿಯಂ ಎಂದು ಹೆಸರು. ಲೂನನು ಬರೆದುದು ಈ ಕೋಣೆಯನ್ನು. ಚಿತ್ರದ ನಡುವೆ ಆಳುಗಳು ಹೆಣಗಳನ್ನು ಹಗ್ಗ ಹಾಕಿ ನೆಲದ ಮೇಲೆ ಎಳೆಯುತ್ತಿದ್ದಾರೆ; ನೆಲದ ಮೇಲೆ ರಕ್ತದ ಹಾದಿ. ಎಡಗಡೆಯಲ್ಲಿ ನೋಡಲು ನೆರೆದ ಜನರ ಗುಂಪು. ಬಲಗಡೆಯ ಕತ್ತಲೆಯಲ್ಲಿ ಒಬ್ಬ ಮುದುಕನು ಬೆಳಕು ಹಿಡಿದು ಹೆಣಗಳ ನಡುವೆ ತನ್ನ ಮಗನನ್ನು ಹುಡುಕುತ್ತಿದ್ದಾನೆ. ಅವನ ಸಮೀಪದಲ್ಲಿ ಬಟ್ಟೆ ಹರಿದ ಒಬ್ಬ ಹೆಂಗಸು, ನಮಗೆ ಬೆನ್ನು ಮಾಡಿ, ನೆಲಕ್ಕೆ ಕುಸಿದಿದ್ದಾಳೆ. ಗೆದ್ದವರ ಜಯಘೋಷವಾಗಲಿ ರಂಗದ ವೈಭವವಾಗಲಿ ಎಲ್ಲಿಯೂ ಇಲ್ಲ. ಆಟ ಮುಗಿದ ಮೇಲೆ ಉಳಿದುದಷ್ಟೇ ಇದೆ.

1884ನೆಯ ಇಸವಿಯ ಮ್ಯಾಡ್ರಿಡ್ಡಿನ ಪ್ರದರ್ಶನದಲ್ಲಿ ಈ ಚಿತ್ರಕ್ಕೆ ಮೊದಲನೆಯ ದರ್ಜೆಯ ಸುವರ್ಣ ಪದಕವು ಬಂದಿತು. ಆ ವರ್ಷ ಕೊಟ್ಟ ಮೂರು ಸುವರ್ಣ ಪದಕಗಳಲ್ಲಿ ಅವನದೇ ಮೊದಲನೆಯದು. ಅವನ ಮಿತ್ರನೂ ಸ್ವದೇಶಸ್ಥನೂ ಆದ ಫೆಲೀಕ್ಸ್ ರೆಸುರೆಕ್ಸಿಯೋನ್ ಇದಾಲ್ಗೊ ಎಂಬವನು ಅದೇ ಪ್ರದರ್ಶನದಲ್ಲಿ ರಜತ ಪದಕವನ್ನು ಗಳಿಸಿದನು. ಸುವರ್ಣಕ್ಕೂ ಮೇಲಿನದಾದ ಗೌರವ ಪದಕಕ್ಕೆ ಲೂನನು ಯೋಗ್ಯನಾಗಿದ್ದನೆಂದೂ, ಅವನ ಹುಟ್ಟುನಾಡೇ ಅದಕ್ಕೆ ಅಡ್ಡಬಂದಿತೆಂದೂ ಅವನ ದೇಶಬಾಂಧವರು ನಂಬಿದ್ದರು. ಹನ್ನೆರಡನೆಯ ಆಲ್ಫೊನ್ಸೊ ಅರಸನ ಕಾಲದಲ್ಲಿಯೇ ಸ್ಪೇನದ ಸೆನೆಟ್ ಸಭಾಭವನಕ್ಕಾಗಿ ‘ಲೆಪಾಂತೊ ಕಾಳಗ’ದ ಚಿತ್ರವನ್ನು ಬರೆಯುವ ಕೆಲಸವು ಲೂನನ ಪಾಲಿಗೆ ಬಂದಿತು. 1887ರಲ್ಲಿ ಅವನು ಅದನ್ನು ಮುಗಿಸಿಕೊಟ್ಟನು. ‘ಸ್ಪೋಲಿಯಾರಿಯಂ’ ಚಿತ್ರವನ್ನು ಬಾರ್ಸಿಲೋನಾದ ಪ್ರಾಂತಸಭೆಯು 1886ರಲ್ಲಿ 20,000 ಪೆಸೆಟಾಗಳಿಗೆ ಕೊಂಡುಕೊಂಡಿತು.

ಪದಕಕ್ಕಿಂತ ಹೆಚ್ಚಿನ ಪರಿಣಾಮವನ್ನು ಮಾಡಿದುದು ಒಂದು ಭೋಜನಕೂಟ. 1884ರ ಜೂನ್ 25ರಂದು ಮ್ಯಾಡ್ರಿಡ್ಡಿನಲ್ಲಿದ್ದ ಫಿಲಿಪ್ಪೀನದ ತರುಣರೂ ಅವರ ಸ್ಪೇನಿನ ಸ್ನೇಹಿತರೂ ಕೂಡಿ ಇಬ್ಬರು ಚಿತ್ರಕಾರರ ಗೌರವಾರ್ಥವಾಗಿ ಔತಣವನ್ನು ಏರ್ಪಡಿಸಿದರು. ಅಲ್ಲಿ ಮಾತನಾಡಿದವರಲ್ಲಿ ಇಪ್ಪತ್ಮೂರು ವರ್ಷದ ವೈದ್ಯ ವಿದ್ಯಾರ್ಥಿ ಹೊಸೆ ರಿಸಾಲನೂ ಒಬ್ಬನು. ಪ್ರತಿಭೆಯು ಯಾವ ಒಂದು ಜನಾಂಗದ ಕಾಣಿಯೂ ಅಲ್ಲವೆಂದು ಅವನು ವಾದಿಸಿದನು. ಲೂನನ ಕತ್ತಲೆಯ ಚಿತ್ರದಲ್ಲಿ ತನ್ನ ನಾಡಿನ ಸಾಮಾಜಿಕ ಹಾಗೂ ರಾಜಕೀಯ ಜೀವನದ ಪ್ರತಿಬಿಂಬವನ್ನು ತೋರಿಸಿದನು. ಅಂದಿನಿಂದ ಆ ಹೆಣಗಳನ್ನು ನೋಡಿದ ಫಿಲಿಪ್ಪೀನದವರಿಗೆ ಅವು ರೋಮಿನ ಮಲ್ಲರ ಹೆಣಗಳಾಗಿ ಉಳಿಯಲಿಲ್ಲ. ಲೂನನು ಬರೆಯುವಾಗಲೇ ಈ ಅರ್ಥವನ್ನು ಮನಸ್ಸಿನಲ್ಲಿಟ್ಟಿದ್ದನೋ ಇಲ್ಲವೋ ಎಂದು ಪಂಡಿತರು ಚರ್ಚಿಸುವುದುಂಟು. ನಮ್ಮ ಅಭಿಪ್ರಾಯದಲ್ಲಿ ಆ ಚರ್ಚೆಯು ಹೆಚ್ಚು ಮುಖ್ಯವಾದುದಲ್ಲ. ಬಾಯಿ ಕಟ್ಟಿದ ಜನಾಂಗವು ತನ್ನ ಮಾತನ್ನು ದೊರೆತ ಕಡೆಯಲ್ಲಿ ಓದಿಕೊಳ್ಳುತ್ತದೆ; ಓದಿಕೊಳ್ಳಲು ಯೋಗ್ಯವಾದುದನ್ನು ಲೂನನು ಬರೆದಿಟ್ಟಿದ್ದನು.

ಆದರೆ ಆ ಕಾಲದಲ್ಲಿ ಲೂನನಾಗಲಿ ಅವನ ಸಂಗಡಿಗರಾಗಲಿ ಸ್ಪೇನಿನಿಂದ ಬೇರೆಯಾಗಬೇಕೆಂದು ಕೇಳುತ್ತಿರಲಿಲ್ಲ. ಅವರು ಬೇಡುತ್ತಿದ್ದುದು ಸುಧಾರಣೆಗಳನ್ನು, ಸಮಾನ ಹಕ್ಕುಗಳನ್ನು, ಸ್ಪೇನದ ಪಾರ್ಲಿಮೆಂಟಿನಲ್ಲಿ ತಮಗೂ ಪ್ರತಿನಿಧಿಗಳಿರಬೇಕೆಂಬುದನ್ನು. ಲೂನನ ‘ಸ್ಪೇನ ಮತ್ತು ಫಿಲಿಪ್ಪೀನ’ ಎಂಬ ಚಿತ್ರವು ಆ ಮನೋಭಾವಕ್ಕೆ ಸಾಕ್ಷಿಯಾಗಿದೆ. ಅದರಲ್ಲಿ ಸ್ಪೇನಮಾತೆಯು ಫಿಲಿಪ್ಪೀನದ ತರುಣಿಯ ಸೊಂಟವನ್ನು ಬಳಸಿ ಹಿಡಿದು, ಮೆಟ್ಟಲುಗಳನ್ನು ಹತ್ತಿಸುತ್ತ ದೂರದ ಬೆಳಕನ್ನು ತೋರಿಸುತ್ತಿದ್ದಾಳೆ. ಕೈ ತೋರಿಸಿದ ಕಡೆಗೆ ಒಯ್ಯುವ ಮನಸ್ಸು ಸ್ಪೇನಿಗೆ ಇರಲಿಲ್ಲವೆಂಬುದನ್ನು ಅವರು ತಿಳಿಯಲು ಇನ್ನೂ ಹತ್ತು ವರ್ಷಗಳು ಬೇಕಾಗಿದ್ದುವು.

1884ರ ತರುವಾಯ ಲೂನನು ಪ್ಯಾರಿಸಿಗೆ ಹೋಗಿ ಅಲ್ಲಿ ಚಿತ್ರಶಾಲೆಯನ್ನು ತೆರೆದನು. ರಿಸಾಲ ಮೊದಲಾದ ದೇಶಭಕ್ತರಿಗೆ ಅದು ತಂಗುದಾಣವಾಯಿತು. ‘ರಕ್ತದ ಒಪ್ಪಂದ’ದ ಸಿಕತೂನನಿಗೆ ರಿಸಾಲನೇ ಮಾದರಿಯಾಗಿ ನಿಂತನು, ಲೆಗಾಸ್ಪಿಗೆ ಮಾದರಿಯಾದವನು ತ್ರಿನಿದಾದ್ ಪಾರ್ದೊ ದೆ ತವೇರಾ ಎಂಬ ವಿದ್ವಾಂಸ. ಇವನ ತಂಗಿ ಮಾರಿಯಾ ದೆ ಲಾ ಪಾಸ್ ಎಂಬವಳನ್ನು ಲೂನನು 1886ರ ಡಿಸೆಂಬರಿನಲ್ಲಿ ಮದುವೆಯಾದನು. ಅವರಿಗೆ ಆಂದ್ರೇಸ್ ಎಂಬ ಮಗನೂ ಒಬ್ಬ ಮಗಳೂ ಹುಟ್ಟಿದರು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ರೋಮಿನ ವಿವಾಹೋತ್ಸವವನ್ನು ಕುರಿತ ಅವನ ಚಿತ್ರವು ಕಂಚಿನ ಪದಕವನ್ನು ಪಡೆಯಿತು. ಈ ಚಿತ್ರವು ಬಳಿಕ ಕಣ್ಮರೆಯಾಗಿ, ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ದೊರಕಿ, 2023ರಲ್ಲಿ ಮನಿಲಾದಲ್ಲಿ ಜನರಿಗೆ ಕಾಣಿಸಿತು. ಈ ವರ್ಷಗಳಲ್ಲಿ ಲೂನನ ದೃಷ್ಟಿಯು ಅರಸರನ್ನೂ ಕಾಳಗಗಳನ್ನೂ ಬಿಟ್ಟು ಪ್ಯಾರಿಸಿನ ಬಡವರ ಕಡೆಗೆ ತಿರುಗಿತ್ತು. ‘ಅಜ್ಞಾತರು’ ಎಂಬ ಅವನ ಚಿತ್ರದಲ್ಲಿ ಕೂಲಿಕಾರರು ತಮ್ಮಲ್ಲೊಬ್ಬನ ಶವವನ್ನು ಕಳುಹಿಸಲು ಹೋಗುತ್ತಿದ್ದಾರೆ. ಅರಸರ ಆಸ್ಥಾನಕ್ಕೆ ಪ್ರಿಯನಾಗಬಹುದಾಗಿದ್ದವನು ಈ ಹಾದಿಯನ್ನು ಹಿಡಿದುದು ಅವನ ಮನಸ್ಸಿನ ಒಳ್ಳೆಯ ಗುಣವನ್ನು ಹೇಳುತ್ತದೆ.

ಇಲ್ಲಿಗೆ ಬಂದು ನಿಲ್ಲಿಸಬಹುದಾಗಿದ್ದರೆ ನಮ್ಮ ಕೆಲಸವು ಸುಲಭವಾಗುತ್ತಿತ್ತು. 1892ರಲ್ಲಿ ಎಳೆಯ ಮಗಳು ತೀರಿಕೊಂಡಳು. ಮನೆಯಲ್ಲಿ ವಿರಸವು ಬೆಳೆಯಿತು. ಹೆಂಡತಿಯ ಶೀಲದ ಮೇಲೆ ಲೂನನಿಗೆ ಸಂಶಯವು ಹುಟ್ಟಿ, ಅದು ದಿನದಿನಕ್ಕೂ ಉರಿಯಾಯಿತು. ಆ ವರ್ಷದ ಸೆಪ್ಟೆಂಬರ್ 23ರಂದು ಪ್ಯಾರಿಸಿನ ಮನೆಯಲ್ಲಿ ಅವನು ತನ್ನ ಹೆಂಡತಿಯನ್ನೂ ಅತ್ತೆಯಾದ ಹುಲಿಯಾನಾ ಗೊರಿಚೊ ಎಂಬವಳನ್ನೂ ಗುಂಡಿಟ್ಟು ಕೊಂದನು. ಭಾವಮೈದುನ ಫೆಲೀಕ್ಸನಿಗೆ ಗಾಯವಾಯಿತು. ಲೂನನು ಸೆರೆಯಾಗಿ ವಿಚಾರಣೆಗೆ ಗುರಿಯಾದನು. 1893ರ ಫೆಬ್ರುವರಿಯಲ್ಲಿ ಫ್ರಾನ್ಸಿನ ನ್ಯಾಯಾಲಯವು, ಕೋಪೋದ್ರೇಕದಲ್ಲಿ ನಡೆದ ಕೃತ್ಯವೆಂಬ ವಾದವನ್ನು ಮನ್ನಿಸಿ, ಅವನನ್ನು ಬಿಡುಗಡೆ ಮಾಡಿತು. ಸಂಶಯಗೊಂಡ ಗಂಡನ ಕೈಯಿಂದ ಹೆಂಡತಿ ಸತ್ತರೆ ಅಂದಿನ ಯುರೋಪಿನ ಪಂಚರಿಗೆ ಗಂಡನ ಮೇಲೆಯೇ ಕನಿಕರ ಹುಟ್ಟುತ್ತಿತ್ತು.

ಈ ತೀರ್ಪನ್ನು ನಾವು ನ್ಯಾಯವೆಂದು ಒಪ್ಪಲಾರೆವು. ಸಂಶಯವು ನಿಜವಾಗಿದ್ದಿತೆಂದೇ ಇಟ್ಟುಕೊಂಡರೂ ಅದು ಎರಡು ಜೀವಗಳನ್ನು ತೆಗೆಯಲು ಹಕ್ಕನ್ನು ಕೊಡುವುದಿಲ್ಲ. ಮಗಳ ಜತೆಯಲ್ಲಿ ಪ್ರಾಣವನ್ನು ಕಳೆದುಕೊಂಡ ಆ ತಾಯಿಯ ಮೇಲಂತೂ ಯಾವ ಆರೋಪವೂ ಇರಲಿಲ್ಲ. ನ್ಯಾಯಾಲಯದಲ್ಲಿ ಗಂಡನ ಪರವಾಗಿ ವಕೀಲರು ಮಾತನಾಡಿದರು. ಸತ್ತವಳು ತನ್ನ ಪರವಾಗಿ ಒಂದು ಮಾತನ್ನೂ ಹೇಳುವಂತಿರಲಿಲ್ಲ. ಆಕೆಯೂ ಫಿಲಿಪ್ಪೀನದ ಒಂದು ಗೌರವಸ್ಥ ಮನೆತನದ ಮಗಳು. ಆಕೆಯ ಅಣ್ಣಂದಿರೂ ದೇಶದ ವಿದ್ಯಾವಂತರಲ್ಲಿ ಅಗ್ರಗಣ್ಯರು. ಲೂನನು ದೇಶದ ಹೆಮ್ಮೆಯಾಗಿದ್ದುದರಿಂದ ಅವನ ಅಪರಾಧವನ್ನು ದುರಂತವೆಂಬ ಮೃದುವಾದ ಮಾತಿನಲ್ಲಿ ಮುಚ್ಚುವ ಪದ್ಧತಿಯು ಬೆಳೆಯಿತು. ಪರಾಧೀನ ಜನಾಂಗವು ತನ್ನ ಕೆಲವೇ ಮಂದಿ ಪ್ರಸಿದ್ಧ ಪುರುಷರನ್ನು ಕಳಂಕವಿಲ್ಲದಂತೆ ಕಾಪಾಡಲು ಬಯಸುವುದು ಸಹಜವೇ. ಆದರೆ ಆ ಕಾಪಾಡುವಿಕೆಯ ಬೆಲೆಯನ್ನು ತೆತ್ತವಳು ಮಾತನಾಡಲಾರದ ಒಬ್ಬ ಹೆಂಗಸು ಎಂಬುದನ್ನು ಮರೆಯಬಾರದು.

ಬಿಡುಗಡೆಯಾದ ಲೂನನು ಮಗನೊಡನೆ ಮ್ಯಾಡ್ರಿಡ್ಡಿಗೆ ಹೋಗಿ, 1894ರಲ್ಲಿ ಸ್ವದೇಶಕ್ಕೆ ಮರಳಿದನು. ಹದಿನೇಳು ವರ್ಷಗಳ ಹಿಂದೆ ಬಿಟ್ಟುಹೋದ ಮನಿಲಾ ಈಗ ಬೇರೆಯಾಗಿತ್ತು. ಸುಧಾರಣೆಗಳನ್ನು ಬೇಡಿ ಬೇಸತ್ತ ಜನರು ಕಾಟಿಪುನಾನ್ ಎಂಬ ರಹಸ್ಯ ಸಂಘವನ್ನು ಕಟ್ಟಿದ್ದರು. 1896ರ ಆಗಸ್ಟಿನಲ್ಲಿ ದಂಗೆಯು ಹೊರಬಿದ್ದಿತು. ಸೆಪ್ಟೆಂಬರಿನಲ್ಲಿ ಲೂನನನ್ನೂ ತಮ್ಮ ಆಂತೋನಿಯೊನನ್ನೂ ಹಿಡಿದು ಸಾಂತಿಯಾಗೊ ಕೋಟೆಯ ಸೆರೆಮನೆಯಲ್ಲಿಟ್ಟರು. ಲೆಪಾಂತೊ ಕಾಳಗವನ್ನು ಬರೆದು ಸ್ಪೇನದ ಸೆನೆಟನ್ನು ಅಲಂಕರಿಸಿದ ಕೈಗೆ ಸ್ಪೇನವು ಕೋಳ ತೊಡಿಸಿತು. ಅದೇ ವರ್ಷದ ಡಿಸೆಂಬರ್ 30ರಂದು ಮಿತ್ರ ರಿಸಾಲನನ್ನು ಗುಂಡಿಟ್ಟು ಕೊಂದರು. 1897ರ ಮೇ ತಿಂಗಳಲ್ಲಿ ಲೂನನಿಗೆ ಕ್ಷಮಾದಾನ ದೊರೆಯಿತು.

ಮೆಟ್ಟಲುಗಳ ಮೇಲೆ ಕೈಹಿಡಿದು ನಡೆಸುವ ಸ್ಪೇನಮಾತೆಯನ್ನು ಬರೆದ ಮನುಷ್ಯನು ಆ ಕೋಟೆಯಿಂದ ಹೊರಗೆ ಬರುವಾಗ ಬೇರೆಯವನಾಗಿದ್ದನು. 1898ರ ಜೂನ್ 12ರಂದು ಆಗಿನಾಲ್ದೊ ಎಂಬ ನಾಯಕನು ಫಿಲಿಪ್ಪೀನದ ಸ್ವಾತಂತ್ರ್ಯವನ್ನು ಘೋಷಿಸಿದನು. ಹೊಸ ಸರಕಾರವು ಪರರಾಷ್ಟ್ರಗಳ ಮನ್ನಣೆಯನ್ನು ದೊರಕಿಸುವುದಕ್ಕಾಗಿ ಕಳುಹಿಸಿದ ನಿಯೋಗದಲ್ಲಿ ಲೂನನೂ ಒಬ್ಬ ಸದಸ್ಯನಾದನು. ಆದರೆ ಅದೇ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ಸ್ಪೇನವೂ ಅಮೇರಿಕವೂ ಸಂಧಿ ಮಾಡಿಕೊಂಡವು. ಎರಡು ಕೋಟಿ ಡಾಲರುಗಳ ಮಾತಾಗಿ ಆ ದ್ವೀಪಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದುವು. ದ್ವೀಪವಾಸಿಗಳನ್ನು ಯಾರೂ ಕೇಳಲಿಲ್ಲ. 1899ರ ಫೆಬ್ರುವರಿಯಲ್ಲಿ ಅಮೇರಿಕದವರೊಡನೆ ಯುದ್ಧವು ಪ್ರಾರಂಭವಾಯಿತು. ಸೇನಾಪತಿಯಾಗಿ ಹೋರಾಡುತ್ತಿದ್ದ ಆಂತೋನಿಯೊ ಲೂನನನ್ನು ಜೂನ್ 5ರಂದು ಕಬನತುವಾನ್ ಎಂಬಲ್ಲಿ ಸ್ವಪಕ್ಷದ ಸೈನಿಕರೇ ಕೊಂದುಹಾಕಿದರು. ತಮ್ಮನ ಮರಣವಾರ್ತೆಯನ್ನು ಹೊತ್ತು ಸ್ವದೇಶಕ್ಕೆ ಹೊರಟ ಹುವಾನನು ಹಾಂಗ್‌ಕಾಂಗಿನವರೆಗೆ ಬಂದನು. ಅಲ್ಲಿಯೇ 1899ರ ಡಿಸೆಂಬರ್ 7ರಂದು ಹೃದಯಾಘಾತದಿಂದ ತೀರಿಕೊಂಡನು. ಆಗ ಅವನ ವಯಸ್ಸು ನಲವತ್ತೆರಡು. ಹಡಗಿನ ಹುಡುಗನಾಗಿ ಮೊದಲು ಕಂಡ ರೇವುಗಳಲ್ಲಿ ಒಂದೇ ಅವನ ಕೊನೆಯ ರೇವೂ ಆಯಿತು.

ಅವನ ಅಸ್ಥಿಗಳು 1920ರಲ್ಲಿ ಮನಿಲಾಕ್ಕೆ ಬಂದು, ಮುಂದೆ ಸಾನ್ ಆಗಸ್ತೀನ್ ದೇವಾಲಯದಲ್ಲಿ ನೆಲೆಗೊಂಡವು. ತಾಯಿಯನ್ನು ಎಳವೆಯಲ್ಲಿ ಕಳೆದುಕೊಂಡ ಮಗ ಆಂದ್ರೇಸನು ಶಿಲ್ಪಶಾಸ್ತ್ರವನ್ನು ಕಲಿತು ಮನಿಲಾದ ಅನೇಕ ಅಂದವಾದ ಕಟ್ಟಡಗಳನ್ನು ಕಟ್ಟಿದನು. ‘ಸ್ಪೋಲಿಯಾರಿಯಂ’ ಚಿತ್ರವು ಸ್ಪೇನದ ಅಂತರ್ಯುದ್ಧದಲ್ಲಿ ಹಾನಿಗೊಂಡು, ಮ್ಯಾಡ್ರಿಡ್ಡಿನಲ್ಲಿ ದುರಸ್ತಿಯಾಗಿ, 1958ರಲ್ಲಿ ಸ್ಪೇನ ಸರಕಾರದ ಕಾಣಿಕೆಯಾಗಿ ಫಿಲಿಪ್ಪೀನಕ್ಕೆ ಬಂದು ಸೇರಿತು. 2002ರಲ್ಲಿ ಅವನ ‘ಪ್ಯಾರಿಸಿನ ಜೀವನ’ ಎಂಬ ಚಿಕ್ಕ ಚಿತ್ರವನ್ನು ಆ ದೇಶದ ಸರಕಾರಿ ನೌಕರರ ವಿಮಾ ಸಂಸ್ಥೆಯು ಸುಮಾರು 4.6 ಕೋಟಿ ಪೆಸೊಗಳಿಗೆ ಹರಾಜಿನಲ್ಲಿ ಕೊಂಡಿತು. ನೌಕರರ ಉಳಿತಾಯದ ಹಣವನ್ನು ಒಂದು ಚಿತ್ರಕ್ಕೆ ಸುರಿಯಬಹುದೇ ಎಂದು ದೊಡ್ಡ ಗದ್ದಲವೆದ್ದಿತು. ವರ್ಷಕ್ಕೆ 600 ಪೆಸೊಗಳ ವೇತನದ ಮೇಲೆ ಬಾಳಿದ ಚಿತ್ರಕಾರನ ಒಂದು ಚಿತ್ರದ ಬೆಲೆ ಇದಾಯಿತು.

ಇಂತಹ ಮನುಷ್ಯನನ್ನು ಹೇಗೆ ತೂಗುವುದು? ಅವನ ಚಿತ್ರಗಳಿಗಾಗಿ ಅವನ ಕೈಯ ರಕ್ತವನ್ನು ಮರೆಯಬೇಕೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಆ ರಕ್ತದ ಕಾರಣದಿಂದ ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕೆನ್ನುವವರ ಮಾತನ್ನೂ ಒಪ್ಪುವುದಿಲ್ಲ. ಆಳುವವರು ಬುದ್ಧಿಹೀನವೆಂದು ಜರೆದ ಜನಾಂಗಕ್ಕೆ ಅವನು ಅವರ ರಾಜಧಾನಿಯಲ್ಲಿಯೇ, ಅವರದೇ ಪಂಚರ ಬಾಯಿಂದ, ಉತ್ತರವನ್ನು ಕೊಡಿಸಿದನು. ಆ ಋಣವನ್ನು ಅವನ ದೇಶವು ಎಂದಿಗೂ ಮರೆಯಲಾರದು. ಆದರೆ ಸ್ವತಂತ್ರವಾದ ಜನಾಂಗಕ್ಕೆ ಕಳಂಕವಿಲ್ಲದ ವೀರರ ಆಸರೆಯು ಬೇಕಾಗಿಲ್ಲ. ತನ್ನ ಮಹನೀಯರ ಪೂರ್ಣ ಲೆಕ್ಕವನ್ನು ತಾನೇ ಓದಿಕೊಳ್ಳುವ ಧೈರ್ಯವು ಅದಕ್ಕೆ ಬರಬೇಕು. ಫಿಲಿಪ್ಪೀನವು 1946ರಲ್ಲಿ ಸ್ವತಂತ್ರವಾಯಿತು. ಅಲ್ಲಿಯ ವಿದ್ವಾಂಸರು ಮಾರಿಯಾ ದೆ ಲಾ ಪಾಸಳ ಕಥೆಯನ್ನು ಬಾಯಿಬಿಟ್ಟು ಹೇಳಿದ್ದಾರೆ. ಇದು ಆರೋಗ್ಯದ ಚಿಹ್ನೆಯೆಂದು ನಾವು ಭಾವಿಸುತ್ತೇವೆ. ‘ಸ್ಪೋಲಿಯಾರಿಯಂ’ ಚಿತ್ರದ ಮುಂದೆ ನಿಲ್ಲುವವರು ನಡುವಿನ ಹೆಣಗಳನ್ನು ನೋಡಿದ ಬಳಿಕ, ಬಲಗಡೆಯ ಮೂಲೆಯಲ್ಲಿ ಮುಖ ಕಾಣದಂತೆ ಕುಸಿದಿರುವ ಆ ಹೆಂಗಸಿನ ಕಡೆಗೂ ಒಂದು ಗಳಿಗೆ ಕಣ್ಣು ಹಾಯಿಸಲಿ.